ಬದುವಿಲ್ಲದ ಹೊಲಗಳ ಊರು ಲ್ಯಾಕ್ಸ್‌ಟನ್

ನವೆಂಬರ್ ತಿಂಗಳ ಕೊನೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್ ಸೀಮೆಯಲ್ಲಿ ಲ್ಯಾಕ್ಸ್‌ಟನ್ ಅಂತ ಒಂದು ಪುಟ್ಟ ಊರು. ಬಿತ್ತಿದ ಗೋಧಿ ಆಗಷ್ಟೇ ಮೊಳೆತು, ನೆಲದ ಮೇಲೆ ತೆಳ್ಳಗೆ ಹಸಿರು ಹಬ್ಬಿರುತ್ತದೆ. ಚಳಿ, ತೇವ, ಕಾಲಿಗೆ ಅಂಟುವ ಜಿಗುಟು ಮಣ್ಣು. ಅಂಥದ್ದರಲ್ಲಿ ಹನ್ನೆರಡು ಜನ ಊರಿನವರು ಟ್ರ್ಯಾಕ್ಟರ್ ಟ್ರೈಲರಿನಿಂದ ಇಳಿದು ಹೊಲದೊಳಗೆ ನಡೆಯುತ್ತಾರೆ. ಜೊತೆಗೆ ಮರದ ಗೂಟಗಳು. ಒಬ್ಬ ರೈತನ ಹೊಲ ಎಲ್ಲಿ ಮುಗಿಯಿತು, ಪಕ್ಕದವನದು ಎಲ್ಲಿ ಶುರುವಾಯಿತು ಅಂತ ನೋಡುತ್ತಾರೆ. ಗುರುತು ಮಾಸಿದ ಕಡೆ ಗೂಟ ಹೊಡೆಯುತ್ತಾರೆ. ಯಾರಾದರೂ ಉಳುವಾಗ ಒಂದು ಸಾಲು ಜಾಸ್ತಿ ಉತ್ತು ದಾರಿಯನ್ನೋ, ಊರಿನ ಹುಲ್ಲುಗಾವಲನ್ನೋ ಒತ್ತುವರಿ ಮಾಡಿದ್ದರೆ ಬರೆದುಕೊಳ್ಳುತ್ತಾರೆ.

ಸುಮಾರು ಒಂದು ವಾರದ ಮೇಲೆ, ಊರಿನ ಡವ್‌ಕೋಟ್ ಇನ್ ಅನ್ನುವ ಪಬ್ಬಿನಲ್ಲಿ ಒಂದು ಕೋರ್ಟು ಸೇರುತ್ತದೆ. ಬರೆದುಕೊಂಡಿದ್ದನ್ನು ಅಲ್ಲಿ ಎಲ್ಲರೆದುರು ಓದುತ್ತಾರೆ. ತಪ್ಪು ಮಾಡಿದವನು ದಂಡ ಕಟ್ಟುತ್ತಾನೆ.

ಬೇಸಾಯ ಮಾಡುವ ಮನೆಯಲ್ಲಿ ಹುಟ್ಟಿದ ಯಾರಿಗೇ ಆಗಲಿ ಬದುವಿನ ಜಗಳ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ವರ್ಷಕ್ಕೆ ಅರ್ಧ ಅಡಿಯಂತೆ ಪಕ್ಕದವನ ನೇಗಿಲು ಈಚೆ ಬರುತ್ತದೆ. ಹತ್ತು ವರ್ಷಕ್ಕೆ ಐದು ಅಡಿ ಹೋಯಿತು. ಆಮೇಲೆ ಸರ್ವೆ, ಪೊಲೀಸ್ ಸ್ಟೇಷನ್ನು, ಕೋರ್ಟು. ಲ್ಯಾಕ್ಸ್‌ಟನ್ನಿನ ಹೊಲಗಳಿಗೆ ಬದುವೇ ಇಲ್ಲ, ಬೇಲಿಯೂ ಇಲ್ಲ. ಆದರೂ ಆ ಊರು ನೂರಾರು ವರ್ಷಗಳಿಂದ ಅದೇ ನೆಲವನ್ನು ಹಂಚಿಕೊಂಡು ಉಳುತ್ತಾ ಬಂದಿದೆ. ಅದು ಹೇಗೆ ಸಾಧ್ಯವಾಯಿತು ಅನ್ನುವುದೇ ಈ ಲೇಖನದ ವಿಷಯ.

ಮೊದಲು ಈ ಪದ್ಧತಿ ಏನು ಅಂತ ಅರ್ಥ ಮಾಡಿಕೊಳ್ಳೋಣ. ಇಂಗ್ಲಿಷಿನಲ್ಲಿ ಇದನ್ನು ಓಪನ್ ಫೀಲ್ಡ್ ಅನ್ನುತ್ತಾರೆ. ತೆರೆದ ಬಯಲು ಅಂತ ಇಟ್ಟುಕೊಳ್ಳಿ. ಮಧ್ಯಯುಗದಲ್ಲಿ ಇಂಗ್ಲೆಂಡಿನ ನಡುಭಾಗದ ಬಹುಪಾಲು ಹಳ್ಳಿಗಳು ಹೀಗೇ ಇದ್ದವು. ಊರಿನ ಸುತ್ತ ಎರಡೋ ಮೂರೋ ದೊಡ್ಡ ಬಯಲು. ಲ್ಯಾಕ್ಸ್‌ಟನ್ನಿನಲ್ಲಿ ಈಗ ಉಳಿದಿರುವುದು ಮೂರು: ವೆಸ್ಟ್ ಫೀಲ್ಡ್, ಸೌತ್ ಫೀಲ್ಡ್, ಮಿಲ್ ಫೀಲ್ಡ್. ನಮ್ಮ ಮಾತಿನಲ್ಲಿ ಪಡುವಣ ಬಯಲು, ತೆಂಕಣ ಬಯಲು, ಗಿರಣಿ ಬಯಲು. ಒಟ್ಟು ಸುಮಾರು 480 ಎಕರೆ. ಒಂದೊಂದು ಬಯಲನ್ನೂ ಉದ್ದುದ್ದ ಪಟ್ಟಿಗಳಾಗಿ ಹಂಚಿದ್ದಾರೆ. ಒಬ್ಬ ರೈತನ ಎಲ್ಲ ಪಟ್ಟಿಗಳೂ ಒಂದೇ ಕಡೆ ಇರುವುದಿಲ್ಲ. ಪಡುವಣ ಬಯಲಲ್ಲಿ ಕೆಲವು, ತೆಂಕಣದಲ್ಲಿ ಕೆಲವು, ಗಿರಣಿ ಬಯಲಲ್ಲಿ ಇನ್ನು ಕೆಲವು. ನಡುವೆ ಬೇರೆಯವರ ಪಟ್ಟಿಗಳು.

ಇದೇನು ಪೀಕಲಾಟ, ಎಲ್ಲವನ್ನೂ ಒಂದೇ ಕಡೆ ಕೊಟ್ಟುಬಿಡಬಾರದಾ ಅಂತ ಕೇಳಬಹುದು. ಚದುರಿಸಿದ್ದಕ್ಕೆ ಕಾರಣಗಳಿವೆ. ಊರ ಮಣ್ಣು ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಇಳಿಜಾರಲ್ಲಿ ನೀರು ನಿಲ್ಲದ ನೆಲ, ತಗ್ಗಲ್ಲಿ ಕೆಸರು. ಒಬ್ಬನಿಗೆ ಒಳ್ಳೆಯದಷ್ಟೇ, ಇನ್ನೊಬ್ಬನಿಗೆ ಕೆಟ್ಟದ್ದಷ್ಟೇ ಬಂದರೆ ಊರು ಒಡೆಯುತ್ತದೆ. ಚದುರಿಸಿದರೆ ಎಲ್ಲರಿಗೂ ಸ್ವಲ್ಪ ಒಳ್ಳೆಯದು, ಸ್ವಲ್ಪ ಕೆಟ್ಟದ್ದು. ಮಳೆ ಜಾಸ್ತಿಯಾದ ವರ್ಷ ತಗ್ಗಿನ ಬೆಳೆ ಕೊಳೆತರೂ ದಿಬ್ಬದ ಬೆಳೆ ಕೈಹಿಡಿಯುತ್ತದೆ. ಬರ ಬಂದರೆ ಉಲ್ಟಾ. ಒಂದು ಬೆಳೆ ಹೋದರೆ ಮಕ್ಕಳು ಉಪವಾಸ ಬೀಳುವ ಕಾಲದಲ್ಲಿ ಇದೇ ಅವರ ಬೆಳೆವಿಮೆಯಾಗಿತ್ತು.

ಇನ್ನೊಂದು ಕಾರಣ ಎತ್ತು. ಅಲ್ಲಿನ ಮಣ್ಣು ಭಾರಿ ಜಿಗುಟು. ಒಂದು ಜೋಡಿ ಎತ್ತಿಗೆ ಅದು ಬಗ್ಗುವುದಿಲ್ಲ. ದೊಡ್ಡ ನೇಗಿಲಿಗೆ ಎಂಟು ಎತ್ತು ಕಟ್ಟುವುದೂ ಉಂಟು. ಒಬ್ಬ ಸಣ್ಣ ರೈತನ ಬಳಿ ಎಂಟು ಎತ್ತು ಎಲ್ಲಿಂದ ಬರಬೇಕು? ಒಬ್ಬನದು ಎರಡು, ಇನ್ನೊಬ್ಬನದು ಒಂದು, ಮತ್ತೊಬ್ಬನದು ನೇಗಿಲು, ಹೀಗೆ ಮುಯ್ಯಾಳು ಮಾಡಿಕೊಂಡು ಸರದಿಯಲ್ಲಿ ಉಳುತ್ತಿದ್ದರು.

ಪಟ್ಟಿಗಳು ಯಾಕೆ ಅಷ್ಟು ಉದ್ದ ಅನ್ನುವುದಕ್ಕೂ ಎತ್ತೇ ಕಾರಣ. ಎಂಟು ಎತ್ತಿನ ಸಾಲನ್ನು ತಿರುಗಿಸುವುದು ಸುಲಭದ ಕೆಲಸವಲ್ಲ. ಎಷ್ಟು ಕಡಿಮೆ ಸಲ ತಿರುಗಿಸುತ್ತೀರೋ ಅಷ್ಟು ಒಳ್ಳೆಯದು. ಹಾಗಾಗಿ ಹೊಲ ಅಗಲ ಕಡಿಮೆಯಾಗಿ, ಉದ್ದ ಜಾಸ್ತಿಯಾಗಿ ಬೆಳೆಯಿತು. ಎತ್ತುಗಳು ಉಸಿರು ಬಿಡದೆ ಎಳೆಯಬಲ್ಲ ಒಂದು ಸಾಲಿನ ಉದ್ದಕ್ಕೆ ಫರ್ಲಾಂಗು ಅಂತ ಹೆಸರಾಯಿತು. ಸಾಲಿನ ಉದ್ದ ಅನ್ನುವುದೇ ಆ ಮಾತಿನ ಮೂಲ ಅರ್ಥ. ಅದು 220 ಗಜ. ಅಗಲ 22 ಗಜ. ಕ್ರಿಕೆಟ್ ಪಿಚ್ಚಿನ ಉದ್ದವೂ 22 ಗಜವೇ. 220 ಗಜ ಉದ್ದ, 22 ಗಜ ಅಗಲದ ತುಂಡು ಅಂದರೆ ಸರಿಯಾಗಿ ಒಂದು ಎಕರೆ. ಒಂದು ನೇಗಿಲು ಒಂದು ದಿನದಲ್ಲಿ ಸುಮಾರಾಗಿ ಉಳುವಷ್ಟು ನೆಲ. ನಮ್ಮ ಪಹಣಿಯಲ್ಲಿ ಇಂದಿಗೂ ಎಕರೆ, ಗುಂಟೆ ಅಂತ ಬರೆಯುತ್ತೇವಲ್ಲ, ಆ ಎಕರೆ ಹುಟ್ಟಿದ್ದು ಇಂಥ ಬಯಲುಗಳಲ್ಲಿ, ಎತ್ತಿನ ದಮ್ಮಿನ ಲೆಕ್ಕದಲ್ಲಿ. ಇದು ಗೊತ್ತಾದ ಮೇಲೆ ಪಹಣಿ ನೋಡಿದಾಗೆಲ್ಲ ನನಗೆ ಆ ಎಂಟು ಎತ್ತುಗಳು ನೆನಪಾಗುತ್ತವೆ.

ಉದ್ದದ ಎತ್ತಿನ ಸಾಲು ಹೊಲದ ಕೊನೆಗೆ ಬರುವ ಮೊದಲೇ ಮೆಲ್ಲಗೆ ಪಕ್ಕಕ್ಕೆ ಹೊರಳಬೇಕಾಗುತ್ತಿತ್ತು. ಹೀಗೆ ತಲೆತಲಾಂತರ ಉತ್ತು ಉತ್ತು ಪಟ್ಟಿಗಳೇ ಎರಡೂ ತುದಿಯಲ್ಲಿ ಬಾಗಿದವು. ನಡುವೆ ಮಣ್ಣು ಏರಿ ದಿಣ್ಣೆಯಾಯಿತು, ಅಂಚಿನಲ್ಲಿ ತಗ್ಗಾಯಿತು. ಆ ತಗ್ಗು ನೀರು ಹರಿಯುವ ಕಾಲುವೆಯೂ ಹೌದು, ಎರಡು ಹೊಲಗಳ ಗಡಿಯೂ ಹೌದು. ಇಂಗ್ಲೆಂಡಿನ ಎಷ್ಟೋ ಹುಲ್ಲುಗಾವಲುಗಳಲ್ಲಿ ಸಂಜೆಯ ಓರೆ ಬಿಸಿಲು ಬಿದ್ದಾಗ ಈ ಬಾಗಿದ ದಿಣ್ಣೆ-ತಗ್ಗುಗಳು ಅಲೆಅಲೆಯಾಗಿ ಕಾಣುತ್ತವೆ. ಅಲ್ಲಿ ಉತ್ತವರು ಸತ್ತು ನೂರಾರು ವರ್ಷವಾದರೂ ಅವರ ನೇಗಿಲ ಗುರುತು ಹೋಗಿಲ್ಲ.

ಈಗ ಬೆಳೆಯ ಲೆಕ್ಕ. ಮೂರು ಬಯಲು, ಮೂರು ವರ್ಷದ ಸುತ್ತು. ಮೊದಲ ವರ್ಷ ಒಂದು ಬಯಲಿಗೆ ಗೋಧಿ. ಚಳಿಗಾಲಕ್ಕೆ ಮುಂಚೆ ಬಿತ್ತುತ್ತಾರೆ, ಮುಂದಿನ ಬೇಸಿಗೆ ಕೊನೆಗೆ ಕೊಯ್ಲು. ಎರಡನೇ ವರ್ಷ ಅದೇ ಬಯಲಿಗೆ ಬಾರ್ಲಿ, ಓಟ್ಸ್, ಬಟಾಣಿ, ಬೀನ್ಸ್, ಹೀಗೆ ಚಳಿ ಕಳೆದ ಮೇಲೆ ಬಿತ್ತುವ ಬೆಳೆ. ಮೂರನೇ ವರ್ಷ ಬೀಳು. ನೆಲಕ್ಕೆ ರಜೆ. ಒಂದು ಬಯಲು ಗೋಧಿಯಲ್ಲಿದ್ದಾಗ ಇನ್ನೊಂದು ಎರಡನೇ ಬೆಳೆಯಲ್ಲಿ, ಮತ್ತೊಂದು ಬೀಳಿನಲ್ಲಿ. ಹಾಗಾಗಿ ಯಾವ ವರ್ಷವೂ ಊರಿಗೆ ಗೋಧಿ ತಪ್ಪುವುದಿಲ್ಲ.

ಬೀಳು ಬಿಟ್ಟ ನೆಲ ಸುಮ್ನೆ ಇರುತ್ತಿರಲಿಲ್ಲ. ಕಳೆ ಹುಟ್ಟಿದ ಹಾಗೆ ಉತ್ತು ಸಾಯಿಸುತ್ತಿದ್ದರು. ದನ, ಕುರಿ ಮೇಯಿಸುತ್ತಿದ್ದರು. ಅವು ಹಾಕಿದ ಗೊಬ್ಬರವೇ ಮುಂದಿನ ಗೋಧಿಗೆ ಬಲ. ಕೊಯ್ಲಾದ ಮೇಲೆ ಉಳಿದ ಬಯಲುಗಳ ಕೂಳೆಗೂ ದನ ಬಿಡುವ ಪದ್ಧತಿ ಇತ್ತು. ಇಲ್ಲೊಂದು ಮುಖ್ಯ ವಿಷಯವಿದೆ. ಬೆಳೆ ನಿಂತಿರುವಾಗ ಪಟ್ಟಿ ಒಬ್ಬ ರೈತನದು. ಬೆಳೆ ಮನೆ ಸೇರಿದ ಮೇಲೆ ಇಡೀ ಬಯಲು ಮೇಯಿಸುವ ಹಕ್ಕಿದ್ದ ಎಲ್ಲರದು. ಅಂದರೆ ಒಂದೇ ನೆಲ ವರ್ಷದ ಸ್ವಲ್ಪ ಕಾಲ ಒಬ್ಬನ ಹೊಲ, ಇನ್ನು ಸ್ವಲ್ಪ ಕಾಲ ಊರಿನ ಗೋಮಾಳ. ಹೊಲದ ನಡುವೆ ಬೇಲಿ ಹಾಕದೆ ಇರುವುದಕ್ಕೆ ಇದೂ ಕಾರಣ. ಬೇಲಿ ಹಾಕಿದರೆ ದನ ಹೇಗೆ ತಿರುಗಾಡಬೇಕು?

ಆದರೆ ಇದಕ್ಕೊಂದು ಬೆಲೆ ಕಟ್ಟಬೇಕು. ಒಂದು ಬಯಲಲ್ಲಿ ಎಲ್ಲರೂ ಒಂದೇ ಸುತ್ತಿಗೆ ಒಗ್ಗಬೇಕು. ಊರೆಲ್ಲ ಬೀಳು ಬಿಟ್ಟ ಬಯಲಲ್ಲಿ ನಾನೊಬ್ಬ ಗೋಧಿ ಹಾಕುತ್ತೇನೆ ಅಂದರೆ ನಡೆಯುವುದಿಲ್ಲ, ದನ ತಿಂದು ಹೋಗುತ್ತವೆ. ಎಲ್ಲರೂ ಹೊತ್ತಿಗೆ ಸರಿಯಾಗಿ ಕೊಯ್ದು ಮುಗಿಸಬೇಕು. ದನ ಯಾವ ದಿನ ಒಳಗೆ ಬರಬಹುದು, ಯಾವ ದಿನ ಹೊರಗೆ ಹೋಗಬೇಕು, ಯಾರು ಎಷ್ಟು ತಲೆ ಬಿಡಬಹುದು, ಎಲ್ಲದಕ್ಕೂ ನಿಯಮ ಬೇಕು. ಬೀಡಾಡಿ ದನ ಹಿಡಿದು ಹಾಕಲು ಊರಿಗೊಂದು ದೊಡ್ಡಿ, ಅದನ್ನು ನೋಡಿಕೊಳ್ಳಲು ಪಿಂಡರ್ ಅನ್ನುವ ಒಬ್ಬ ಆಳು. ಲ್ಯಾಕ್ಸ್‌ಟನ್ನಿನಲ್ಲಿ ಆ ದೊಡ್ಡಿ ಇಂದಿಗೂ ಇದೆ.

ಆ ನಿಯಮಗಳನ್ನು ಮಾಡುವುದು, ಕಾಯುವುದು ಕೋರ್ಟ್ ಲೀಟ್ ಅನ್ನುವ ಹಳೆಯ ಸಭೆಯ ಕೆಲಸ. ಹೆಸರು ಕೇಳಿ ಹೈಕೋರ್ಟಿನಂಥದ್ದು ಅಂದುಕೊಳ್ಳಬೇಡಿ. ಮಧ್ಯಯುಗದಲ್ಲಿ ಜಮೀನ್ದಾರನ ಆಳ್ವಿಕೆಯ ಹಳ್ಳಿಗಳಲ್ಲಿ ಊರ ಮಟ್ಟದ ಇಂಥ ಕೋರ್ಟುಗಳು ಸಾಮಾನ್ಯವಾಗಿದ್ದವು. ಜಮೀನ್ದಾರನ ಪರವಾಗಿ ಸ್ಟುವರ್ಡ್ ಅನ್ನುವ ಅಧಿಕಾರಿ ಕೂರುತ್ತಾನೆ. ತೀರ್ಮಾನ ಹೇಳುವವರು ಮಾತ್ರ ಊರಿನವರೇ ಆದ ಜ್ಯೂರಿ. ನಮ್ಮ ಹಳೆಯ ಮಾತಲ್ಲಿ ಪಂಚರು ಅನ್ನಬಹುದು. ಲ್ಯಾಕ್ಸ್‌ಟನ್ನಿನಲ್ಲಿ ಈ ಜ್ಯೂರಿ ಪ್ರತಿ ವರ್ಷ ಗೋಧಿ ಬಯಲನ್ನಷ್ಟೇ ನೋಡುತ್ತದೆ. ಮೂರು ವರ್ಷದಲ್ಲಿ ಮೂರು ಬಯಲೂ ಒಂದು ಸುತ್ತು ಮುಗಿಯುತ್ತವೆ. ಯಾವ ಒತ್ತುವರಿಯೂ ಮೂರು ವರ್ಷಕ್ಕಿಂತ ಹಳತಾಗಲು ಬಿಡುವುದಿಲ್ಲ. ಇಡೀ ವ್ಯವಸ್ಥೆಯಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ. ಬದುವಿನ ಜಗಳ ಕೈಮೀರಿ ಹೋಗುವುದು ಅದು ಹಳತಾದಾಗ, ಅಪ್ಪನ ಕಾಲದ್ದು ಮಗನ ಕಾಲಕ್ಕೆ ದಾಟಿದಾಗ. ಇಲ್ಲಿ ಅದು ಅರ್ಧ ಅಡಿಯಲ್ಲಿದ್ದಾಗಲೇ ಗೂಟ ಬೀಳುತ್ತದೆ.

ಇನ್ನೊಂದು ಸೂಕ್ಷ್ಮ ನೋಡಿ. ಗೂಟ ಹೊಡೆಯುವ ಹನ್ನೆರಡು ಜನ ಹೊರಗಿನವರಲ್ಲ, ಊರಿನವರೇ. ಈ ವರ್ಷ ನಾನು ನಿಮ್ಮ ಸಾಲು ನೋಡುತ್ತೇನೆ, ಇನ್ನೊಂದು ವರ್ಷ ನೀವು ನನ್ನದು ನೋಡುತ್ತೀರಿ. ನೋಡಿ ಮುಗಿದ ಮೇಲೆ ಎಲ್ಲರೂ ಪಬ್ಬಿನಲ್ಲಿ ಒಟ್ಟಿಗೆ ಕೂತು ಊಟ ಮಾಡುತ್ತಾರೆ. ಅಲ್ಲೇ ಯಾರಿಗೆ ಎಷ್ಟು ದಂಡ ಅಂತ ಮಾತಾಡಿಕೊಳ್ಳುತ್ತಾರೆ. ದಂಡದ ದುಡ್ಡು ದೊಡ್ಡದೇನಲ್ಲ. ಆದರೆ ಊರಿನೆದುರು ಹೆಸರು ಓದಿಸಿಕೊಳ್ಳುವುದು ಯಾವ ರೈತನಿಗೂ ಸಣ್ಣ ವಿಷಯವಲ್ಲ, ಅಲ್ವಾ?

1977ರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟು ಒಂದು ಕಾಯ್ದೆ ತಂದು, ಹೆಸರಿಗಷ್ಟೇ ಉಳಿದಿದ್ದ ಇಂಥ ಹಳೆಯ ಕೋರ್ಟುಗಳ ಅಧಿಕಾರವನ್ನು ತೆಗೆದುಹಾಕಿತು. ಎಷ್ಟೋ ಊರುಗಳಲ್ಲಿ ಕೋರ್ಟ್ ಲೀಟ್ ಈಗ ಬರೀ ಹಬ್ಬದಂಥ ಆಚರಣೆ. ಲ್ಯಾಕ್ಸ್‌ಟನ್ನಿನ ಕೋರ್ಟನ್ನು ಮಾತ್ರ ಕಾಯ್ದೆಯೇ ಹೆಸರು ಹೇಳಿ ಹೊರಗಿಟ್ಟಿತು. ಯಾಕೆಂದರೆ ಅಲ್ಲಿ ನೋಡಲು ಹೊಲ ಇತ್ತು, ತೀರಿಸಲು ವ್ಯಾಜ್ಯ ಇತ್ತು.

ಈ ಊರಿನ ಇತಿಹಾಸವನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ. 1066ರಲ್ಲಿ ನಾರ್ಮಂಡಿಯ ವಿಲಿಯಮ್ ಇಂಗ್ಲೆಂಡನ್ನು ಗೆದ್ದ. 1086ರಲ್ಲಿ ದೇಶದ ಹಳ್ಳಿಗಳನ್ನೆಲ್ಲ ಲೆಕ್ಕ ಹಾಕಿಸಿ ಬರೆಸಿದ. ಡೂಮ್ಸ್‌ಡೇ ಅನ್ನುವ ಆ ದಫ್ತರದಲ್ಲಿ ಲ್ಯಾಕ್ಸ್‌ಟನ್ ಇದೆ. ಮೊದಲು ಟೋಕಿ ಅನ್ನುವವನ ಕೈಯಲ್ಲಿದ್ದ ಊರು ಗೆದ್ದ ಕಡೆಯ ಜೆಫ್ರಿ ಆಲ್ಸೆಲಿನ್ ಪಾಲಾಗಿತ್ತು. ಊರಿನ ಬಡಗಣ ಅಂಚಿನಲ್ಲಿ ದೊಡ್ಡ ಮಣ್ಣಿನ ಗುಡ್ಡೆ ಹಾಕಿ ಕೋಟೆ ಕಟ್ಟಿದರು. ಈಗ ಗೋಡೆ ಏನೂ ಉಳಿದಿಲ್ಲ. ಹುಲ್ಲು ಹೊದ್ದ ಗುಡ್ಡೆ, ಕಂದಕಗಳಷ್ಟೇ ಇವೆ.

ಆ ಕೋಟೆಗೆ ಒಂದು ಕಾಲದಲ್ಲಿ ತುಂಬಾ ತೂಕವಿತ್ತು. ಪಕ್ಕದಲ್ಲೇ ಶೆರ್ವುಡ್ ಕಾಡು. ರಾಬಿನ್ ಹುಡ್ ಕಥೆಯಿಂದ ನಮಗೆಲ್ಲ ಗೊತ್ತಿರುವ ಕಾಡು ಅದೇ. ಅದು ರಾಜನ ಬೇಟೆಯ ಕಾಡು, ಅದನ್ನು ಕಾಯುವ ಅಧಿಕಾರ ಲ್ಯಾಕ್ಸ್‌ಟನ್ನಿನ ಒಡೆಯರಿಗಿತ್ತು. ಮೊದಲು ಡಿ ಕಾ ಮನೆತನ, ಆಮೇಲೆ ಎವರಿಂಗ್‌ಹ್ಯಾಮ್ ಮನೆತನ. ಊರಿನ ಸೇಂಟ್ ಮೈಕಲ್ ಚರ್ಚಿನಲ್ಲಿ ಎವರಿಂಗ್‌ಹ್ಯಾಮ್ ಮನೆಯವರ ಪ್ರತಿಮೆಗಳು ಮಲಗಿವೆ. 14ನೇ ಶತಮಾನದ ಆಡಮ್ ಡಿ ಎವರಿಂಗ್‌ಹ್ಯಾಮ್‌ನದು ಕಲ್ಲಿನದು. ಅವನ ಎರಡನೇ ಹೆಂಡತಿ ಮಾರ್ಜರಿಯದು ಮಾತ್ರ ಓಕ್ ಮರದ್ದು. ಆ ಸೀಮೆಯಲ್ಲಿ ಉಳಿದಿರುವ ಮಧ್ಯಯುಗದ ಮರದ ಪ್ರತಿಮೆ ಅದೊಂದೇ. ಇಷ್ಟು ಕಾಲ ಹುಳ ಹಿಡಿಯದೆ, ಬೆಂಕಿಗೆ ಬೀಳದೆ ಒಂದು ಮರದ ತುಂಡು ಉಳಿದದ್ದು ದೊಡ್ಡ ಸಂಗತಿಯೇ.

ಕಾಲ ಕಳೆದ ಹಾಗೆ ಕೋಟೆ ಹಾಳಾಯಿತು, ಒಡೆಯರು ಬದಲಾದರು. 17ನೇ ಶತಮಾನದಲ್ಲಿ ಸರ್ ವಿಲಿಯಮ್ ಕೋರ್ಟನ್ ಅನ್ನುವ ಲಂಡನ್ನಿನ ಸಿರಿವಂತ ವ್ಯಾಪಾರಿ ಊರನ್ನು ಕೊಂಡ. ತಾನು ಕೊಂಡಿದ್ದೇನು ಅಂತ ಕಣ್ಣಾರೆ ನೋಡಬೇಕಾಗಿತ್ತೋ ಏನೋ, ಮಾರ್ಕ್ ಪಿಯರ್ಸ್ ಅನ್ನುವ ಸರ್ವೆಯವನಿಂದ ಅಳತೆ ಮಾಡಿಸಿ ನಕ್ಷೆ ಬರೆಸಿದ. 1635ರ ಆ ನಕ್ಷೆ ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಪ್ರತಿಯೊಂದು ಪಟ್ಟಿಯೂ ಅದರಲ್ಲಿದೆ. ಜೊತೆಗೊಂದು ಪುಸ್ತಕವಿದೆ, ಯಾವ ಪಟ್ಟಿ ಯಾರದು, ಎಷ್ಟು ವಿಸ್ತೀರ್ಣ ಅಂತ. ಬರೀ ಗೆರೆ ಎಳೆದು ಬಿಟ್ಟಿಲ್ಲ. ನಕ್ಷೆಯ ಮೇಲೆ ಪುಟ್ಟ ಪುಟ್ಟ ಚಿತ್ರಗಳಿವೆ: ಉಳುವವರು, ಕೊಯ್ಯುವವರು, ದನ, ಬೇಟೆಗಾರರು, ಗಾಳಿಗಿರಣಿ. ಒಂದು ಊರಿನ ಸಾಮಾನ್ಯ ದಿನವೇ ಅಲ್ಲಿ ನಿಂತುಬಿಟ್ಟ ಹಾಗಿದೆ. ಅರಮನೆಗಳ ನಕ್ಷೆ, ಯುದ್ಧಗಳ ನಕ್ಷೆ ಬೇಕಾದಷ್ಟು ಸಿಗುತ್ತವೆ. ಹೆಸರಿಲ್ಲದ ಗೇಣಿದಾರರ ಒಂದೊಂದು ಪಟ್ಟಿಯನ್ನೂ ಇಷ್ಟು ಅಕ್ಕರೆಯಿಂದ ಬರೆದ ನಕ್ಷೆ ಅಪರೂಪ.

ಆ ನಕ್ಷೆ ಬರೆದ ಕಾಲದಲ್ಲೇ ದೇಶದ ಬೇರೆ ಕಡೆ ತೆರೆದ ಬಯಲುಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಇದನ್ನು ಎನ್‌ಕ್ಲೋಷರ್ ಅನ್ನುತ್ತಾರೆ. ಚದುರಿದ ಪಟ್ಟಿಗಳನ್ನು ಒಟ್ಟು ಮಾಡಿ, ಗೋಮಾಳವನ್ನೂ ಹಂಚಿ, ಪ್ರತಿಯೊಬ್ಬನಿಗೂ ಒಂದೇ ಕಡೆ ನೆಲ ಕೊಟ್ಟು ಬೇಲಿ ಹಾಕುವುದು. ಮೊದಮೊದಲು ಊರಿನವರು ಒಪ್ಪಂದ ಮಾಡಿಕೊಂಡು ಮಾಡುತ್ತಿದ್ದರು. ಆಮೇಲೆ, ಅದರಲ್ಲೂ 1750ರಿಂದ ಮುಂದಿನ ನೂರು ವರ್ಷ, ಪಾರ್ಲಿಮೆಂಟೇ ಊರೂರಿಗೆ ಕಾಯ್ದೆ ಮಾಡಿತು. 1604ರಿಂದ 1914ರವರೆಗೆ ಇಂಥ 5,200ಕ್ಕೂ ಹೆಚ್ಚು ಕಾಯ್ದೆಗಳಾದವು. ಸುಮಾರು 68 ಲಕ್ಷ ಎಕರೆ, ಅಂದರೆ ಇಂಗ್ಲೆಂಡಿನ ಒಟ್ಟು ನೆಲದ ಐದನೇ ಒಂದು ಭಾಗಕ್ಕಿಂತ ಹೆಚ್ಚು, ಹೀಗೆ ಬೇಲಿಯೊಳಗೆ ಹೋಯಿತು.

ನಡೆಯುತ್ತಿದ್ದದ್ದು ಹೀಗೆ. ಊರಿನ ದೊಡ್ಡ ಭೂಮಾಲೀಕರು ಪಾರ್ಲಿಮೆಂಟಿಗೆ ಅರ್ಜಿ ಹಾಕುತ್ತಾರೆ. ಎಷ್ಟು ಜನ ಒಪ್ಪಿದರು ಅನ್ನುವುದಕ್ಕಿಂತ ಎಷ್ಟು ಎಕರೆ ಇದ್ದವರು ಒಪ್ಪಿದರು ಅನ್ನುವುದು ಮುಖ್ಯ. ಕಾಯ್ದೆ ಪಾಸಾದರೆ ಕಮಿಷನರುಗಳು ಬರುತ್ತಾರೆ, ಸರ್ವೆ ಆಗುತ್ತದೆ, ಹೊಸ ಗಡಿ ಬರೆಯುತ್ತಾರೆ. ಪಾಲು ಬಂದವನು ಹೇಳಿದ ಅವಧಿಯೊಳಗೆ ತನ್ನ ಖರ್ಚಿನಲ್ಲಿ ಬೇಲಿ ಹಾಕಬೇಕು. ಸಣ್ಣ ಹಿಡುವಳಿಯವನಿಗೆ ಆ ಖರ್ಚೇ ಕುತ್ತಿಗೆಗೆ ಬರುತ್ತಿತ್ತು. ಮಾರಿ ಕೂಲಿಗೆ ಇಳಿದವರು ಎಷ್ಟೋ ಜನ. ನೆಲವೇ ಇಲ್ಲದೆ, ರೂಢಿಯ ಬಲದಿಂದ ಗೋಮಾಳದಲ್ಲಿ ಒಂದು ಹಸು ಮೇಯಿಸಿಕೊಂಡು, ಸೌದೆ ಆರಿಸಿಕೊಂಡು ಬದುಕುತ್ತಿದ್ದವರ ಕೈಗೆ ಏನೂ ಬರಲಿಲ್ಲ. ಬರೆದಿಟ್ಟ ಹಕ್ಕು ಇಲ್ಲದವರಿಗೆ ಪರಿಹಾರ ಎಲ್ಲಿಂದ?

ಬೇಲಿ ಹಾಕಬೇಕು ಅಂದವರ ವಾದದಲ್ಲೂ ಹುರುಳಿತ್ತು. ಚದುರಿದ ಪಟ್ಟಿಗಳ ನಡುವೆ ಓಡಾಡುವುದರಲ್ಲೇ ಅರ್ಧ ದಿನ ಹೋಗುತ್ತದೆ. ಎಲ್ಲರ ದನ ಒಟ್ಟಿಗೆ ಮೇಯುವಾಗ ಒಂದಕ್ಕೆ ರೋಗ ಬಂದರೆ ಊರಿಗೆಲ್ಲ ಹರಡುತ್ತದೆ. ಒಳ್ಳೆಯ ತಳಿ ಬೆಳೆಸುವುದು ಕಷ್ಟ. ಟರ್ನಿಪ್ ಗೆಡ್ಡೆ, ಕ್ಲೋವರ್ ಅನ್ನುವ ಮೇವಿನ ಗಿಡ ಬಂದ ಮೇಲೆ ನೆಲವನ್ನು ಬೀಳು ಬಿಡುವ ಅಗತ್ಯವೂ ಕಡಿಮೆಯಾಯಿತು. ಕ್ಲೋವರ್ ಬೇರುಗಳು ನೆಲಕ್ಕೆ ಸಾರಜನಕ ಸೇರಿಸುತ್ತವೆ, ದನಕ್ಕೆ ಮೇವೂ ಆಗುತ್ತದೆ. ಊರೆಲ್ಲ ಒಪ್ಪದೆ ಒಬ್ಬನೇ ರೈತ ತೆರೆದ ಬಯಲಲ್ಲಿ ಇವನ್ನು ಬೆಳೆಯುವುದು ಸುಲಭವಿರಲಿಲ್ಲ. ಇದೆಲ್ಲ ನಿಜ. ಆದರೂ ಹೆಚ್ಚಿದ ಬೆಳೆಯ ಲಾಭ ಯಾರ ಮನೆ ಸೇರಿತು, ಕಳೆದುಹೋದ ಗೋಮಾಳದ ನಷ್ಟ ಯಾರ ಮನೆಗೆ ಬಂತು ಅಂತ ಕೇಳಿದರೆ ಉತ್ತರ ನೋವಿನದೇ.

ಹಾಗಾದರೆ ಲ್ಯಾಕ್ಸ್‌ಟನ್ ಹೇಗೆ ಉಳಿಯಿತು? ಪೂರ್ತಿ ಉಳಿಯಲಿಲ್ಲ ಅನ್ನುವುದನ್ನು ಮೊದಲು ಹೇಳಬೇಕು. ಇಲ್ಲೂ ಬಯಲಿನ ದೊಡ್ಡ ಭಾಗಕ್ಕೆ ಬೇಲಿ ಬಿತ್ತು. ಈಗಿರುವುದು ಹಳೆಯದರ ಒಂದು ಪಾಲು ಮಾತ್ರ. ಕೋರ್ಟನ್ ಮನೆಯಿಂದ ಊರು ಪಿಯರ್‌ಪಾಂಟ್ ಮನೆತನಕ್ಕೆ ಬಂತು. ಕಿಂಗ್‌ಸ್ಟನ್ ಡ್ಯೂಕರು, ಆಮೇಲೆ ಮ್ಯಾನ್ವರ್ಸ್ ಅರ್ಲರು ಅಂತ ಕರೆಸಿಕೊಂಡವರು ಇವರೇ. ಆದರೆ ಊರಿನಲ್ಲಿ ಇವರೊಬ್ಬರದೇ ನೆಲ ಇರಲಿಲ್ಲ. ಸ್ಕಾರ್ಬರೋ ಅರ್ಲರದೂ ಇತ್ತು, ಸಣ್ಣಪುಟ್ಟ ಸ್ವಂತ ಹಿಡುವಳಿದಾರರೂ ಇದ್ದರು. ಒಬ್ಬನೇ ಒಡೆಯನಿದ್ದ ಕಡೆ ಬೇಲಿ ಹಾಕುವುದು ಒಂದು ಸಹಿಯಲ್ಲಿ ಮುಗಿಯುವ ಕೆಲಸ. ಇಲ್ಲಿ ಅದು ಅಷ್ಟು ಸಲೀಸಾಗಿರಲಿಲ್ಲ. 1870ರ ದಶಕದ ಹೊತ್ತಿಗೆ ಅಮೆರಿಕದಿಂದ ಅಗ್ಗದ ಗೋಧಿ ಬಂದು ಇಂಗ್ಲೆಂಡಿನ ಬೇಸಾಯವೇ ಕುಸಿಯಿತು. ಅಂಥ ಹೊತ್ತಿನಲ್ಲಿ ಬೇಲಿಗೆ, ಹೊಸ ತೋಟದ ಮನೆಗಳಿಗೆ ದುಡ್ಡು ಸುರಿಯುವ ಉತ್ಸಾಹ ಯಾರಿಗಿರುತ್ತದೆ? 20ನೇ ಶತಮಾನದ ಶುರುವಿನಲ್ಲಿ ಮ್ಯಾನ್ವರ್ಸ್ ಎಸ್ಟೇಟು ಬಯಲುಗಳನ್ನು ಮುಚ್ಚುವ ಬದಲು ಚಿಕ್ಕ ಪಟ್ಟಿಗಳನ್ನು ಕೂಡಿಸಿ ದೊಡ್ಡದು ಮಾಡಿತು. ಪಟ್ಟಿಗಳ ಸಂಖ್ಯೆ ಇಳಿಯಿತು, ಪದ್ಧತಿ ಉಳಿಯಿತು. ಈಗಿನ ಟ್ರ್ಯಾಕ್ಟರು ಆ ಪಟ್ಟಿಗಳಲ್ಲಿ ತಿರುಗಾಡಲು ಸಾಧ್ಯವಾದದ್ದೂ ಅದರಿಂದಲೇ.

ಊರಿನ ರೂಪವೂ ಹಳೆಯ ಹಾಗೇ ಇದೆ. ಬೇಲಿ ಬಂದ ಊರುಗಳಲ್ಲಿ ರೈತರು ಹಳ್ಳಿ ಬಿಟ್ಟು ತಮ್ಮ ಹೊಸ ಹೊಲಗಳ ನಡುವೆ ಒಂಟಿ ಮನೆ ಕಟ್ಟಿಕೊಂಡರು. ಇಂಗ್ಲೆಂಡಿನ ಹಳ್ಳಿಗಾಡು ಅಂದಾಗ ಕಣ್ಣಿಗೆ ಬರುವ ಮುಳ್ಳುಬೇಲಿ, ಚೌಕಚೌಕ ಹೊಲ, ದೂರದಲ್ಲೊಂದು ಮನೆ, ಇದರಲ್ಲಿ ಬಹಳಷ್ಟು ಎನ್‌ಕ್ಲೋಷರ್ ಮಾಡಿದ ಚಿತ್ರ. ಲ್ಯಾಕ್ಸ್‌ಟನ್ನಿನಲ್ಲಿ ಹೊಲ ಮೂರು ದಿಕ್ಕಿನಲ್ಲಿರುವುದರಿಂದ ಊರಲ್ಲಿರುವುದೇ ಎಲ್ಲಕ್ಕೂ ಹತ್ತಿರ. ಹಾಗಾಗಿ ರೈತರ ಮನೆಗಳು ಇಂದಿಗೂ ಬೀದಿಯ ಎರಡೂ ಕಡೆ ಸಾಲಾಗಿವೆ. ಕೆಂಪು ಇಟ್ಟಿಗೆ ಗೋಡೆ, ಹೆಂಚಿನ ಮಾಡು, ಪಕ್ಕದಲ್ಲಿ ಕಣಜ, ಹಿಂದೆ ಉದ್ದನೆಯ ಹಿತ್ತಲು.

1938ರ ಸುಮಾರಿಗೆ ಆಕ್ಸ್‌ಫರ್ಡಿನ ಕೃಷಿ ವಿದ್ವಾಂಸರು ಈ ಊರಿನ ಬಗ್ಗೆ ಬರೆದ ಮೇಲೆ ಹೊರಗಿನವರಿಗೆ ಇದರ ಬೆಲೆ ಗೊತ್ತಾಯಿತು. 1952ರಲ್ಲಿ ಮ್ಯಾನ್ವರ್ಸ್ ಅರ್ಲ್ ಊರನ್ನು ಸರ್ಕಾರದ ಕೃಷಿ ಇಲಾಖೆಗೆ ಮಾರಿದ, ಈ ಬೇಸಾಯ ಉಳಿಯಲಿ ಅಂತ. 1981ರಲ್ಲಿ ಅದು ರಾಜಮನೆತನದ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟಿಗೆ ಹೋಯಿತು. 2020ರಲ್ಲಿ ಥೋರ್ಸ್‌ಬಿ ಎಸ್ಟೇಟಿಗೆ ಬಂತು. ಥೋರ್ಸ್‌ಬಿ ಅಂದರೆ ಹಳೆಯ ಮ್ಯಾನ್ವರ್ಸ್ ಮನೆತನದ ಎಸ್ಟೇಟೇ. ಸುಮಾರು ಏಳು ದಶಕದ ಮೇಲೆ ಊರು ಹಳೆಯ ಮನೆಗೇ ವಾಪಸು ಬಂದ ಹಾಗಾಯಿತು. ಒಡೆಯರು ಯಾರೇ ಆದರೂ ಉಳುವವರು ಗೇಣಿದಾರರು. ಅವರಿಗೆ ಇದು ಸುಲಭದ ಬದುಕೇನಲ್ಲ. ಚದುರಿದ ಪಟ್ಟಿಗಳಲ್ಲಿ ಈಗಿನ ದೊಡ್ಡ ಯಂತ್ರಗಳನ್ನು ಓಡಿಸಬೇಕು, ಬೆಳೆಯಲ್ಲಿ ಊರಿನ ಸುತ್ತಿಗೆ ಒಗ್ಗಬೇಕು, ಮಾರುಕಟ್ಟೆಯಲ್ಲಿ ಮಾತ್ರ ಉಳಿದವರ ಜೊತೆಯೇ ಪೈಪೋಟಿ ಮಾಡಬೇಕು. ಬೀಳಿನ ಸರದಿಯಲ್ಲಿ ಈಗ ಹುಲ್ಲು, ಮೇವಿನ ಬೆಳೆ ಹಾಕಲು ಒಪ್ಪಿಗೆಯಿದೆ. ನಿಯಮ ಕಾಲಕ್ಕೆ ತಕ್ಕ ಹಾಗೆ ಬಗ್ಗುತ್ತದೆ. ಬಗ್ಗದೆ ಇದ್ದಿದ್ದರೆ ಎಂದೋ ಮುರಿಯುತ್ತಿತ್ತು.

ಊರಿನವರು ಸೈಕ್ ಅಂತ ಕರೆಯುವ ಜಾಗಗಳ ಬಗ್ಗೆ ಹೇಳದೆ ಲ್ಯಾಕ್ಸ್‌ಟನ್ ಪೂರ್ತಿಯಾಗುವುದಿಲ್ಲ. ಬಯಲುಗಳ ನಡುವೆ ನೀರು ಹರಿಯುವ ತಗ್ಗುಗಳಿವೆ. ಅಲ್ಲಿ ಜಿಗುಟು ಮಣ್ಣು ಇನ್ನೂ ಒದ್ದೆ, ನೇಗಿಲು ಹೋಗುವುದಿಲ್ಲ. ಹಾಗಾಗಿ ಹಿಂದಿನಿಂದಲೂ ಉಳದೆ ಹುಲ್ಲಿಗೆ ಬಿಟ್ಟಿದ್ದಾರೆ. ಇದು ಊರಿನ ಜಂಟಿ ಹುಲ್ಲು. ಪ್ರತಿ ಬೇಸಿಗೆಯಲ್ಲಿ ಈ ಹುಲ್ಲನ್ನು ತುಂಡು ತುಂಡಾಗಿ ಹರಾಜು ಹಾಕುತ್ತಾರೆ. ಗೆದ್ದವರು ಕೊಯ್ದು ಒಣಹುಲ್ಲು ಮಾಡಿಕೊಳ್ಳುತ್ತಾರೆ. ಜ್ಯೂರಿ ನವೆಂಬರಿನಲ್ಲಿ ಗೂಟ ಹಿಡಿದು ಹೋಗುವುದು ಮುಖ್ಯವಾಗಿ ಈ ಸೈಕುಗಳ ಅಂಚು ಕಾಯಲಿಕ್ಕೇ. ಪಕ್ಕದ ರೈತನಿಗೆ ಸಿಟ್ಟಿರುತ್ತದೆ, ಅವನು ನೋಡಿಕೊಳ್ಳುತ್ತಾನೆ. ಎಲ್ಲರಿಗೂ ಸೇರಿದ ಹುಲ್ಲಿಗೆ ಕೇಳುವವರು ಯಾರು? ಆ ಕೇಳುವವರೇ ಜ್ಯೂರಿ.

ಕಾದದ್ದಕ್ಕೆ ಒಂದು ಫಲ ಸಿಕ್ಕಿದೆ, ಯಾರೂ ಎಣಿಸದ ಫಲ. ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ 1930ರ ದಶಕದಿಂದ ಈಚೆಗೆ ಕಾಡುಹೂಗಳ ಹುಲ್ಲುಗಾವಲು ಶೇ. 97ರಷ್ಟು ಕಣ್ಮರೆಯಾಗಿದೆ ಅಂತ ಅಂದಾಜಿದೆ. ಉತ್ತರು, ರಾಸಾಯನಿಕ ಗೊಬ್ಬರ ಹಾಕಿದರು, ಹೂ ಹೋದವು. ಲ್ಯಾಕ್ಸ್‌ಟನ್ನಿನ ಸೈಕುಗಳಲ್ಲಿ ಅವು ಉಳಿದಿವೆ. ಸರ್ಕಾರ ಇವನ್ನು ವಿಶೇಷ ವೈಜ್ಞಾನಿಕ ಮಹತ್ವದ ಜಾಗ ಅಂತ ಗುರುತಿಸಿ ಕಾಪಾಡುತ್ತಿದೆ. ಹೂ ಉಳಿಸಬೇಕು ಅಂತ ಆ ರೈತರ ಮುತ್ತಜ್ಜಂದಿರು ಹೊರಟಿರಲಿಲ್ಲ. ಪಕ್ಕದವನು ಒಂದು ಸಾಲು ಜಾಸ್ತಿ ಉಳಬಾರದು ಅಂತ ಕಾದರು. ಹೂವೂ ಉಳಿಯಿತು.

1968ರಲ್ಲಿ ಗ್ಯಾರೆಟ್ ಹಾರ್ಡಿನ್ ಅನ್ನುವ ಅಮೆರಿಕದ ವಿಜ್ಞಾನಿ, ಎಲ್ಲರಿಗೂ ಸೇರಿದ ಗೋಮಾಳ ಹಾಳಾಗಿಯೇ ತೀರುತ್ತದೆ ಅಂತ ವಾದಿಸಿದ. ಪ್ರತಿಯೊಬ್ಬನೂ ಇನ್ನೊಂದು ದನ ಬಿಡುತ್ತಾನೆ, ಕೊನೆಗೆ ಹುಲ್ಲೇ ಉಳಿಯುವುದಿಲ್ಲ ಅನ್ನುವುದು ಅವನ ಲೆಕ್ಕ. ಈ ವಾದ ತುಂಬಾ ಹೆಸರು ಮಾಡಿತು. ಆದರೆ ಅಮೆರಿಕದವರೇ ಆದ ರಾಜಕೀಯ ಶಾಸ್ತ್ರದ ವಿದ್ವಾಂಸೆ ಎಲಿನಾರ್ ಆಸ್ಟ್ರಮ್ ಜಗತ್ತಿನ ಹಲವು ಕಡೆಯ ಹುಲ್ಲುಗಾವಲು, ಕಾಡು, ನೀರಿನ ಕಾಲುವೆಗಳನ್ನು ಅಧ್ಯಯನ ಮಾಡಿ, ಹಾಗೆ ಆಗಲೇಬೇಕೆಂದಿಲ್ಲ ಅಂತ ತೋರಿಸಿದರು. ಬಳಸುವವರೇ ನಿಯಮ ಮಾಡಿಕೊಂಡು, ತಾವೇ ಒಬ್ಬರನ್ನೊಬ್ಬರು ಗಮನಿಸಿಕೊಂಡು, ತಪ್ಪಿಗೆ ಸಣ್ಣದರಿಂದ ಶುರುವಾಗುವ ದಂಡ ಇಟ್ಟುಕೊಂಡರೆ ಜಂಟಿ ಆಸ್ತಿ ಶತಮಾನಗಳ ಕಾಲ ಬಾಳುತ್ತದೆ ಅಂದರು. ಅದಕ್ಕಾಗಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಅವರಿಗೆ ಬಂತು, ಆ ವಿಷಯದಲ್ಲಿ ಅದನ್ನು ಪಡೆದ ಮೊದಲ ಹೆಂಗಸು ಅವರು. ಅವರು ಹೇಳಿದ ಷರತ್ತುಗಳನ್ನು ಓದುವಾಗ ನನಗೆ ಲ್ಯಾಕ್ಸ್‌ಟನ್ನಿನ ಹನ್ನೆರಡು ಜನ, ಅವರ ಗೂಟ, ಪಬ್ಬಿನ ಊಟ ಕಣ್ಣಮುಂದೆ ಬಂದವು.

ಆ ಕೋರ್ಟಿನಲ್ಲಿ ದಂಡದ ಪಟ್ಟಿ ಓದಿ ಮುಗಿದ ಮೇಲೆ ಇನ್ನೊಂದು ಕೆಲಸ ಉಳಿದಿರುತ್ತದೆ. ಮುಂದಿನ ವರ್ಷದ ಜ್ಯೂರಿಯನ್ನು ಆರಿಸಿ ಪ್ರಮಾಣ ಮಾಡಿಸುವುದು. ಅಷ್ಟು ಹೊತ್ತಿಗೆ ಮುಂದಿನ ಗೋಧಿ ಯಾವ ಬಯಲಿಗೆ ಅಂತ ಎಲ್ಲರಿಗೂ ಗೊತ್ತಿರುತ್ತದೆ. ಹೊಸ ಹನ್ನೆರಡು ಜನ ಒಬ್ಬೊಬ್ಬರಾಗಿ ಪ್ರಮಾಣ ಮಾಡುತ್ತಾರೆ, ಮುಂದಿನ ನವೆಂಬರಿನಲ್ಲಿ ಆ ಬಯಲಿನ ಸಾಲುಗಳನ್ನು ಸರಿಯಾಗಿ ನೋಡುತ್ತೇವೆ ಅಂತ.